ಧರ್ಮ ಮತ್ತು ಸೆಕ್ಯುಲರಿಸಂ ಬಗ್ಗೆ ಮುಂದೆ ಬರೋ ಕಾನ್ಫರೆನ್ಸ್, ಲೆಕ್ಚರ್, ಉತ್ಸವಗಳು: ಪದೇ ಪದೇ ಕೇಳೋ ಪ್ರಶ್ನೆಗಳು

ಯಾವ್ದು ಯಾವಾಗ ಬರತ್ತೆ, ಯಾರು ಹೋಗ್ಬೋದು, ಹೋದ್ರೆ ಅಲ್ಲಿ ಏನ್ ನಡೆಯತ್ತೆ ಅಂತ ಒಂದೇ ಥರದ ಪ್ರಶ್ನೆಗಳು ತಿರುಗಿ ತಿರುಗಿ ಬರ್ತಾ ಇರತ್ವೆ, ಅದಕ್ಕೆ ಎಲ್ಲಾ ಒಂದೇ ಕಡೆ ಹಾಕಿದೀನಿ. ಪೂರ್ತಿ ಓದ್ಬೇಕಂತ ಏನಿಲ್ಲ, ನಿಮಗೆ ಬೇಕಾದ ಪ್ರಶ್ನೆ ಹುಡುಕ್ಕೊಳಿ.

ಇವೆಲ್ಲಾ ಪ್ರವಚನದ ಥರದ ಕಾರ್ಯಕ್ರಮಗಳಾ?

ಕೆಲವು ಹೌದು, ಬಹಳಷ್ಟು ಅಲ್ಲ. ಒಂದೇ ಥರ ಕಾಣೋ ಪೋಸ್ಟರ್ ಹಿಂದೆ ನಾಲ್ಕು ಬೇರೆ ಬೇರೆ ಬಗೆಯ ಕಾರ್ಯಕ್ರಮ ಇರತ್ತೆ. ಮೊದಲ್ನೇದು ಅಕಾಡೆಮಿಕ್, ಅಂದ್ರೆ ಧರ್ಮವನ್ನ ಹೊರಗಿಂದ ನಿಂತು ಸ್ಟಡಿ ಮಾಡೋರು ಸೇರೋದು, ಇತಿಹಾಸ ಸಮಾಜಶಾಸ್ತ್ರ ಮಾನವಶಾಸ್ತ್ರ ಕಾನೂನು ಈ ಕಡೆಯವರು. ಎರಡ್ನೇದು ಇಂಟರ್‌ಫೇತ್, ಇಲ್ಲಿ ಬೇರೆ ಬೇರೆ ಧರ್ಮದವರು ತಮ್ಮ ತಮ್ಮ ಧರ್ಮದ ಪರವಾಗಿಯೇ ಬಂದು ಕೂತು ಮಾತಾಡ್ತಾರೆ. ಮೂರ್ನೇದು ಅಭಿಯಾನದ ಥರದ್ದು, ಧಾರ್ಮಿಕ ಸ್ವಾತಂತ್ರ್ಯ ಬೇಕು ಅನ್ನೋ ಸಂಘಟನೆಗಳು, ಇನ್ನೊಂದು ಕಡೆ ಹ್ಯೂಮನಿಸ್ಟ್ (ದೇವರು ಧರ್ಮ ಇಲ್ದೇನೇ ಮನುಷ್ಯರನ್ನ ಮುಂದಿಟ್ಟು ನೀತಿ ಯೋಚಿಸೋರು), ವಿಚಾರವಾದಿ ಸಂಘಟನೆಗಳು. ನಾಲ್ಕ್ನೇದು ಸಂಗೀತ, ನಾಟಕ, ಮ್ಯೂಸಿಯಂ ಪ್ರದರ್ಶನ ಇಂಥವು.

ಮೊದಲ್ನೇದಕ್ಕೂ ಎರಡ್ನೇದಕ್ಕೂ ಇರೋ ಗೆರೆ ಬಗ್ಗೆ ವಿದ್ವಾಂಸರೇ ಹಿಂದೆ ಜಗಳ ಆಡಿದಾರೆ. 1960 ರಲ್ಲಿ ಜರ್ಮನಿಯ ಮಾರ್‌ಬರ್ಗ್‌ನಲ್ಲಿ ಐ.ಎ.ಎಚ್.ಆರ್. ಕಾಂಗ್ರೆಸ್ ಆಯ್ತು, ಅಂದ್ರೆ ಧರ್ಮಗಳ ಇತಿಹಾಸ ಸ್ಟಡಿ ಮಾಡೋರ ಅಂತರರಾಷ್ಟ್ರೀಯ ಸಂಘದ್ದು. ಧರ್ಮದ ಅಧ್ಯಯನ ಅನ್ನೋದು ಧರ್ಮಗಳ ನಡುವೆ ಸ್ನೇಹ ಬೆಳೆಸೋ ಕೆಲಸಾನೂ ಮಾಡ್ಬೇಕಾ ಅಥವಾ ಬರೀ ಸ್ಟಡಿ ಮಾಡಿ ಸುಮ್ನಿರ್ಬೇಕಾ ಅನ್ನೋ ಪ್ರಶ್ನೆ ಅಲ್ಲಿ ಜೋರಾಗಿ ಎದ್ದು, ಜೆರುಸಲೇಮ್‌ನ ಪ್ರೊಫೆಸರ್ ಜ್ವಿ ವರ್ಬ್ಲೋಸ್ಕಿ ಒಂದು ಹೇಳಿಕೆ ಬರೆದ್ರು: ಇದು ಮನುಷ್ಯರನ್ನ ಸ್ಟಡಿ ಮಾಡೋ ಶಾಸ್ತ್ರ, ಇದಕ್ಕೆ ಅಧ್ಯಯನವೇ ಉದ್ದೇಶ, ನಂಬಿಕೆ ಬೆಳೆಸೋದಾಗ್ಲಿ ಶಾಂತಿ ತರೋದಾಗ್ಲಿ ಇದರ ಕೆಲಸ ಅಲ್ಲ ಅಂತ. ಬೇರೆ ಕೆಲವು ವಿದ್ವಾಂಸರೂ ಅದಕ್ಕೆ ಸಹಿ ಹಾಕಿದ್ರು. ಇವತ್ತಿಗೂ ಒಂದು ಕಾರ್ಯಕ್ರಮ ಯಾವ ಕಡೆದು ಅಂತ ಗೊತ್ತಾಗ್ಬೇಕಂದ್ರೆ ನಾನು ನೋಡೋದು ಎರಡೇ ವಿಷಯ, ಆಯೋಜಕರು ಯಾರು, ದುಡ್ಡು ಯಾರದ್ದು. ಟೈಟಲ್ ನೋಡಿ ಏನೂ ಗೊತ್ತಾಗಲ್ಲ, "ಧರ್ಮ ಮತ್ತು ಆಧುನಿಕತೆ" ಅಂತ ನಾಲ್ಕೂ ಥರದವರು ಇಟ್ಕೊಳ್ತಾರೆ.

ನಾನು ದೇವರನ್ನ ನಂಬೋನು, ಅಕಾಡೆಮಿಕ್ ಕಾನ್ಫರೆನ್ಸ್‌ಗೆ ಹೋದ್ರೆ ಮುಜುಗರ ಆಗತ್ತಾ? ನಂಬದೇ ಇರೋರು ಇಂಟರ್‌ಫೇತ್‌ಗೆ ಹೋಗ್ಬೋದಾ?

ಎರಡೂ ಆಗತ್ತೆ. ಅಕಾಡೆಮಿಕ್ ಕಾನ್ಫರೆನ್ಸ್‌ನಲ್ಲಿ ನಿಮ್ಮ ನಂಬಿಕೆ ಏನು ಅಂತ ಯಾರೂ ಕೇಳಲ್ಲ, ಕೇಳೋದು ಸಭ್ಯತೆನೂ ಅಲ್ಲ. ಪಾದ್ರಿಗಳು, ಭಿಕ್ಖುಗಳು, ರಬ್ಬಿಗಳು (ಯಹೂದಿ ಧರ್ಮಗುರುಗಳು), ಪಕ್ಕಾ ನಾಸ್ತಿಕರು ಎಲ್ಲಾ ಒಂದೇ ಪ್ಯಾನಲ್‌ನಲ್ಲಿ ಕೂತಿರ್ತಾರೆ, ಬ್ಯಾಡ್ಜ್ ನೋಡಿದ್ರೆ ಯಾರು ಯಾರು ಅಂತ ಗೊತ್ತೂ ಆಗಲ್ಲ. ಮುಜುಗರ ಆಗೋದು ಬೇರೆ ಕಾರಣಕ್ಕೆ. ನಿಮಗೆ ಪವಿತ್ರ ಅನ್ಸೋ ಗ್ರಂಥವನ್ನ ಒಬ್ರು ಪದರ ಪದರವಾಗಿ ಬಿಡಿಸಿ, ಈ ಭಾಗ ಈ ಶತಮಾನದ್ದು ಆ ಭಾಗ ಆಮೇಲೆ ಸೇರಿಸಿದ್ದು ಅಂತ ಸ್ಲೈಡ್ ಹಾಕ್ತಾ ಹೋಗ್ತಾರೆ, ಅದನ್ನ ಕೇಳೋ ತಾಳ್ಮೆ ಇದ್ರೆ ಆಯ್ತು. ಇಂಟರ್‌ಫೇತ್‌ಗಳಲ್ಲಿ ಈಗೀಗ ಹ್ಯೂಮನಿಸ್ಟ್‌ಗಳನ್ನೂ ಕರೀತಾರೆ, ಆದ್ರೆ ಅಲ್ಲಿ ಶುರುನಲ್ಲೋ ಕೊನೆಗೋ ಪ್ರಾರ್ಥನೆ ಇರೋದು ಸಾಮಾನ್ಯ, ಸುಮ್ನೆ ನಿಂತಿದ್ರೆ ಸಾಕು, ಯಾರೂ ಬಲವಂತ ಮಾಡಲ್ಲ.

ದೊಡ್ಡ ಅಕಾಡೆಮಿಕ್ ಕಾರ್ಯಕ್ರಮಗಳು ಯಾವುವು, ಮುಂದಿಂದು ಯಾವಾಗ ಅಂತ ಲೆಕ್ಕ ಹಾಕೋದು ಹೇಗೆ?

ಪ್ರತಿಯೊಂದಕ್ಕೂ ಅದರದ್ದೇ ಒಂದು ಲಯ ಇದೆ, ಅದು ಗೊತ್ತಾದ್ರೆ ಮುಂದಿಂದು ಯಾವಾಗ ಅಂತ ನೀವೇ ಹೇಳ್ಬೋದು.

ಎಲ್ಲಕ್ಕಿಂತ ದೊಡ್ಡದು ಅಮೆರಿಕದ ಎ.ಎ.ಆರ್. (ಅಮೆರಿಕನ್ ಅಕಾಡೆಮಿ ಆಫ್ ರಿಲಿಜನ್) ವಾರ್ಷಿಕ ಸಭೆ. 1909 ರಲ್ಲಿ ಬೈಬಲ್ ಪಾಠ ಮಾಡೋ ಮೇಷ್ಟ್ರುಗಳ ಸಂಘವಾಗಿ ಹುಟ್ಟಿದ್ದು ಇವತ್ತು ಎಲ್ಲಾ ಧರ್ಮಗಳನ್ನೂ ಒಳಗೆ ಹಾಕ್ಕೊಂಡು ಬೆಳೆದಿದೆ. ಪ್ರತಿ ವರ್ಷ ನವೆಂಬರ್‌ನಲ್ಲಿ, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ವಾರಾಂತ್ಯ, ಶನಿವಾರದಿಂದ ಮಂಗಳವಾರ. 1880 ರಲ್ಲಿ ಶುರುವಾದ ಎಸ್.ಬಿ.ಎಲ್. ಅನ್ನೋ ಬೈಬಲ್ ವಿದ್ವಾಂಸರ ಸಂಘಾನೂ ಅಲ್ಲೇ ಅದೇ ದಿನಗಳಲ್ಲಿ ಸೇರತ್ತೆ. ಇವರಿಬ್ರೂ 2008 ರಿಂದ 2010 ರವರೆಗೆ ಬೇರೆ ಬೇರೆ ಮಾಡಿ ನೋಡಿದ್ರು, ಯಾರಿಗೂ ಹಿಡಿಸಲಿಲ್ಲ, 2011 ರಲ್ಲಿ ಮತ್ತೆ ಒಂದಾದ್ರು. 2025 ರದ್ದು ಬಾಸ್ಟನ್‌ನಲ್ಲಿ ಆಯ್ತು, 2026 ರದ್ದು ಡೆನ್ವರ್‌ನಲ್ಲಿ. 2024 ರಿಂದ ಜೂನ್‌ನಲ್ಲಿ ಒಂದು ಆನ್‌ಲೈನ್ ಸೆಷನ್ನೂ ಮಾಡ್ತಿದಾರೆ, ವೀಸಾ ತಲೆನೋವು ಇರೋರಿಗೆ ಇದೇ ಒಳ್ಳೇದು.

ಐ.ಎ.ಎಚ್.ಆರ್. ಕಾಂಗ್ರೆಸ್ ಐದು ವರ್ಷಕ್ಕೊಂದ್ಸಲ. ಮೊದಲ್ನೇದು 1900 ರಲ್ಲಿ ಪ್ಯಾರಿಸ್‌ನಲ್ಲಿ ಆಗಿತ್ತು, ಸಂಘ ಅಂತ ಆಗಿದ್ದು 1950 ರಲ್ಲಿ. 2010 ಟೊರಾಂಟೋ, 2015 ಎರ್‌ಫರ್ಟ್, 2020 ರದ್ದು ನ್ಯೂಜಿಲೆಂಡ್‌ನ ಒಟಾಗೋದಲ್ಲಿ ಆಗ್ಬೇಕಿತ್ತು, ಕೋವಿಡ್ ಬಂದು ನಿಂತೋಯ್ತು, 2025 ರದ್ದು ಪೋಲೆಂಡ್‌ನ ಕ್ರಾಕೋವ್‌ನಲ್ಲಿ. ಲೆಕ್ಕ ಪ್ರಕಾರ ಮುಂದಿನ ಸರದಿ 2030.

ಸಮಾಜಶಾಸ್ತ್ರದ ಕಡೆಯವರಿಗೆ ಐ.ಎಸ್.ಎಸ್.ಆರ್. ಇದೆ, 1948 ರಲ್ಲಿ ಬೆಲ್ಜಿಯಂನ ಲ್ಯುವೆನ್‌ನಲ್ಲಿ ಶುರುವಾದ ಸಂಘ, ಬೆಸ ಸಂಖ್ಯೆ ವರ್ಷಗಳಲ್ಲಿ ಸೇರ್ತಾರೆ: 2023 ತೈಪೇ, 2025 ಲಿಥುವೇನಿಯಾದ ಕೌನಾಸ್. ಯುರೋಪಿಯನ್ ಅಕಾಡೆಮಿ ಆಫ್ ರಿಲಿಜನ್ ಅಂತ ಇನ್ನೊಂದು, ಇಟಲಿಯ ಬೊಲೊನ್ಯಾದಿಂದ ಹೊರಟಿದ್ದು, ಈಗ ಊರೂರು ಸುತ್ತತ್ತೆ, 2023 ರಲ್ಲಿ ಸೇಂಟ್ ಆಂಡ್ರ್ಯೂಸ್, 2024 ರಲ್ಲಿ ಪಲೆರ್ಮೊ, 2025 ರಲ್ಲಿ ವಿಯೆನ್ನಾ. ಧರ್ಮ ಇಲ್ಲದವರನ್ನೇ ಸ್ಟಡಿ ಮಾಡೋರದ್ದೂ ಒಂದು ನೆಟ್‌ವರ್ಕ್ ಇದೆ, ಎನ್.ಎಸ್.ಆರ್.ಎನ್. ಅಂತ, 2008 ರಲ್ಲಿ ಕಟ್ಟಿದ್ದು. ಜರ್ಮನಿಯ ಲೈಪ್‌ಜಿಗ್ ಯೂನಿವರ್ಸಿಟಿಯಲ್ಲಿ 2016 ರಲ್ಲಿ ಶುರುವಾದ ಒಂದು ಸಂಶೋಧನಾ ಗುಂಪು ಸೆಕ್ಯುಲರ್ ವ್ಯವಸ್ಥೆ ಯುರೋಪಿಂದ ಮಾತ್ರ ಬಂದಿದ್ದಾ ಅನ್ನೋ ಪ್ರಶ್ನೆ ಇಟ್ಕೊಂಡು ಏಷ್ಯಾ, ಇಸ್ಲಾಮಿಕ್ ಜಗತ್ತಿನ ಹಳೇ ಉದಾಹರಣೆಗಳನ್ನ ಹುಡುಕ್ತಾ ಬಹಳ ವರ್ಕ್‌ಶಾಪ್ ಮಾಡಿದೆ.

ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲ ಸಲ ಹೋಗೋರು ಎ.ಎ.ಆರ್. ಗೆ ಹೋಗ್ಲೇಬೇಡಿ. ಸಾವಿರಾರು ಜನ, ಒಂದೇ ಗಂಟೆಗೆ ಹತ್ತಾರು ಪ್ಯಾನಲ್, ಒಂದು ಹೋಟೆಲ್‌ನಿಂದ ಇನ್ನೊಂದಕ್ಕೆ ಓಡೋದ್ರಲ್ಲೇ ದಿನ ಮುಗಿಯತ್ತೆ. ಮೂವತ್ತು ನಲವತ್ತು ಜನ ಸೇರೋ ಎರಡು ದಿನದ ವರ್ಕ್‌ಶಾಪ್‌ನಲ್ಲಿ ಊಟದ ಟೇಬಲ್‌ನಲ್ಲೇ ಎಲ್ರ ಪರಿಚಯ ಆಗತ್ತೆ, ನಿಮ್ಮ ಪೇಪರ್‌ನ, ಅಂದ್ರೆ ನಿಮ್ಮ ಸಂಶೋಧನಾ ಲೇಖನಾನ, ನಿಜವಾಗ್ಲೂ ಓದಿರ್ತಾರೆ.

ಪ್ರತಿ ವರ್ಷ ತಪ್ಪದೇ ಬರೋ ದಿನಗಳು ಇದ್ಯಾ? ಅವತ್ತು ಕಾರ್ಯಕ್ರಮ ಇರತ್ತಾ?

ಇದೆ, ಹುಡುಕೋಕೆ ಅವೇ ಸುಲಭ. ಜನವರಿ ಮೂರನೇ ಭಾನುವಾರ ವಿಶ್ವ ಧರ್ಮ ದಿನ, ಬಹಾಯಿಗಳು (19 ನೇ ಶತಮಾನದಲ್ಲಿ ಇರಾನ್‌ನಲ್ಲಿ ಹುಟ್ಟಿದ ಧರ್ಮದವರು) ಶುರು ಮಾಡಿದ್ದು. ಫೆಬ್ರವರಿ ಮೊದಲ ವಾರ ವಿಶ್ವ ಅಂತರಧರ್ಮ ಸಾಮರಸ್ಯ ಸಪ್ತಾಹ, ಜೋರ್ಡಾನ್ ರಾಜ ಎರಡನೇ ಅಬ್ದುಲ್ಲಾ ಪ್ರಸ್ತಾಪ ಮಾಡಿ 2010 ರಲ್ಲಿ ವಿಶ್ವಸಂಸ್ಥೆ ಒಪ್ಪಿದ್ದು. ಫೆಬ್ರವರಿ 12 ಡಾರ್ವಿನ್ ದಿನ. ಮಾರ್ಚ್ 15 ಇಸ್ಲಾಮೋಫೋಬಿಯಾ (ಮುಸ್ಲಿಮರ ಮೇಲಿನ ದ್ವೇಷ) ವಿರುದ್ಧದ ಅಂತರರಾಷ್ಟ್ರೀಯ ದಿನ, ಇದು 2022 ರಲ್ಲಿ ಘೋಷಣೆ ಆಯ್ತು, ತಾರೀಖು ಬಂದಿದ್ದು 2019 ರ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ಮಸೀದಿ ದಾಳಿಯಿಂದ. ಜೂನ್ 21 ವಿಶ್ವ ಹ್ಯೂಮನಿಸ್ಟ್ ದಿನ. ಆಗಸ್ಟ್ 22 ಧರ್ಮ ಅಥವಾ ನಂಬಿಕೆ ಕಾರಣಕ್ಕೆ ಹಿಂಸೆಗೆ ಬಲಿಯಾದವರ ಸ್ಮರಣೆಯ ದಿನ. ಡಿಸೆಂಬರ್ 9 ಫ್ರಾನ್ಸ್‌ನಲ್ಲಿ ಲಾಯಿಸಿಟೆ (ಅಲ್ಲಿನ ಸೆಕ್ಯುಲರಿಸಂ) ದಿನ, 1905 ರಲ್ಲಿ ಚರ್ಚು ಸರ್ಕಾರ ಬೇರೆ ಮಾಡಿದ ಕಾನೂನಿನ ತಾರೀಖು.

ಸಾಮರಸ್ಯ ಸಪ್ತಾಹದಲ್ಲಿ ಬಹಳ ಕಡೆ ಭಾಷಣ, ದೀಪ, ಗ್ರೂಪ್ ಫೋಟೋ ಅಷ್ಟೇ. ಡಿಸೆಂಬರ್ 9 ರ ಸುತ್ತ ಫ್ರಾನ್ಸ್‌ನಲ್ಲಿ ನಡೆಯೋ ಚರ್ಚೆಗಳಲ್ಲಿ ಮಾತ್ರ ಜಟಾಪಟಿ ಇರತ್ತೆ, ಯಾಕಂದ್ರೆ ಅಲ್ಲಿ ಅದು ಬದುಕಿರೋ ವಿಷಯ, ಶಾಲೆಯಲ್ಲಿ ಏನ್ ಹಾಕ್ಬೋದು ಏನ್ ಹಾಕ್ಬಾರ್ದು ಅನ್ನೋವರೆಗೂ ಬರತ್ತೆ.

ಸೆಕ್ಯುಲರಿಸಂ ಬಗ್ಗೆ ಸೆಷನ್ ಅಂದ್ರೆ ದೇವರಿಲ್ಲ ಅಂತ ಹೇಳೋ ಭಾಷಣಾನಾ?

ಅಲ್ಲ, ಇದೇ ದೊಡ್ಡ ಗೊಂದಲ. ದೇವರು ಇದಾನಾ ಇಲ್ವಾ ಅನ್ನೋದು ಫಿಲಾಸಫಿ ವಿಭಾಗದ ಚರ್ಚೆ. ಸೆಕ್ಯುಲರಿಸಂ ಸೆಷನ್‌ನಲ್ಲಿ ಕೇಳೋದು ಸರ್ಕಾರಕ್ಕೂ ಧರ್ಮಕ್ಕೂ ಸಂಬಂಧ ಹೇಗಿರ್ಬೇಕು, ಯಾರ ಸಂಬಳ ಯಾರು ಕೊಡ್ಬೇಕು, ಯಾರ ಶಾಲೆಯಲ್ಲಿ ಏನ್ ಪಾಠ ಆಗ್ಬೇಕು ಅಂತ. ಇದು ದೇಶ ದೇಶಕ್ಕೂ ಬೇರೆ. ಅಮೆರಿಕದಲ್ಲಿ ಸಂವಿಧಾನದ 1791 ರ ಮೊದಲ ತಿದ್ದುಪಡಿ ಸರ್ಕಾರ ಯಾವ ಧರ್ಮಾನೂ ಸ್ಥಾಪಿಸೋ ಹಾಗಿಲ್ಲ ಅನ್ನತ್ತೆ. ಫ್ರಾನ್ಸ್ 1905 ರಲ್ಲಿ ಧರ್ಮಗಳಿಗೆ ಸಂಬಳ ಸಬ್ಸಿಡಿ ನಿಲ್ಲಿಸಿತು, ಆದ್ರೆ ಆಲ್ಸಾಸ್-ಮೊಸೆಲ್ ಭಾಗ ಆಗ ಜರ್ಮನಿ ಕೈಯಲ್ಲಿದ್ದಿದ್ರಿಂದ ಅಲ್ಲಿ ಇವತ್ತಿಗೂ ಪಾದ್ರಿಗಳಿಗೂ ರಬ್ಬಿಗಳಿಗೂ ಸರ್ಕಾರವೇ ಸಂಬಳ ಕೊಡತ್ತೆ! ಟರ್ಕಿ ಸಂವಿಧಾನದಲ್ಲಿ 1937 ರಿಂದ ಸೆಕ್ಯುಲರ್ ತತ್ವ ಇದೆ, ಆದ್ರೂ ಮಸೀದಿಗಳನ್ನ, ಇಮಾಮರನ್ನ ನೋಡ್ಕೊಳ್ಳೋದು 1924 ರಲ್ಲಿ ಶುರುವಾದ ಸರ್ಕಾರಿ ಇಲಾಖೆ ದಿಯಾನೆತ್. ಭಾರತದ ಸಂವಿಧಾನದ 25 ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯ ಕೊಡೋದ್ರ ಜೊತೆಗೇ ಹಿಂದೂ ದೇವಸ್ಥಾನಗಳನ್ನ ಎಲ್ಲಾ ಜಾತಿಯವರಿಗೂ ತೆರೆಯೋ ಅಧಿಕಾರಾನೂ ಸರ್ಕಾರಕ್ಕೆ ಕೊಡತ್ತೆ, ಅಂದ್ರೆ ದೂರ ನಿಲ್ಲೋ ಬದಲು ಒಳಗೆ ಕೈ ಹಾಕೋ ಮಾದರಿ.

ಅದಕ್ಕೇ ಪ್ಯಾನಲ್‌ನಲ್ಲಿ ಮಾತಾಡೋರು ಯಾವ ದೇಶದ ಕೇಸ್ ಇಟ್ಕೊಂಡಿದಾರೆ ಅಂತ ಅಬ್‌ಸ್ಟ್ರ್ಯಾಕ್ಟ್ (ಪೇಪರ್‌ನ ಸಾರಾಂಶ) ಓದಿ ಹೋಗಿ. ಮೂರು ದೇಶದವರು ಮೂರು ಬೇರೆ ವ್ಯವಸ್ಥೆ ಬಗ್ಗೆ ಮಾತಾಡ್ತಾ ಒಬ್ರಿಗೊಬ್ರು ಉತ್ತರ ಕೊಡ್ತಿದೀವಿ ಅಂದ್ಕೊಂಡಿರ್ತಾರೆ, ಕೇಳೋರಿಗೆ ತಲೆ ಬುಡ ಗೊತ್ತಾಗಲ್ಲ.

ಹ್ಯೂಮನಿಸ್ಟ್‌ಗಳ ಕಾಂಗ್ರೆಸ್ ಬೇರೆ ವಿಷಯ. 1952 ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ್ನೇದು, ಸಾಮಾನ್ಯವಾಗಿ ಮೂರು ವರ್ಷಕ್ಕೊಂದು, 2014 ರಲ್ಲಿ ಆಕ್ಸ್‌ಫರ್ಡ್, ಆಮೇಲೆ ಎರಡು ತಪ್ಪಿಹೋಗಿ 2023 ರಲ್ಲಿ ಕೋಪನ್‌ಹೇಗನ್. ಅಲ್ಲಿ ಬರೋರು ಬಹುಪಾಲು ಧರ್ಮ ಬಿಟ್ಟೋರು ಅಥವಾ ಇಲ್ಲದವರು, ಚರ್ಚೆಗಿಂತ ಸಂಘಟನೆ ಕೆಲಸ ಹೆಚ್ಚು.

ದುಡ್ಡು ಕೊಡದೇ ಕೇಳೋಕೆ ಸಿಗೋದು ಏನಿದೆ?

ಪಬ್ಲಿಕ್ ಲೆಕ್ಚರ್‌ಗಳು. ಅದರಲ್ಲಿ ರಾಜ ಅಂದ್ರೆ ಸ್ಕಾಟ್ಲೆಂಡ್‌ನ ಗಿಫರ್ಡ್ ಲೆಕ್ಚರ್ಸ್. ಆಡಂ ಗಿಫರ್ಡ್ ಅನ್ನೋ ಜಡ್ಜ್ ಸಾಯೋ ಮುಂಚೆ ಉಯಿಲಲ್ಲಿ ದುಡ್ಡಿಟ್ಟು, ಎಡಿನ್‌ಬರೋ, ಗ್ಲಾಸ್ಗೋ, ಅಬರ್ಡೀನ್, ಸೇಂಟ್ ಆಂಡ್ರ್ಯೂಸ್ ನಾಲ್ಕೂ ಯೂನಿವರ್ಸಿಟಿಯಲ್ಲಿ ಉಪನ್ಯಾಸ ಮಾಡಿಸಿ ಅಂದ್ರು, ಮಾತಾಡೋರು ಯಾವ ಪಂಥದವರಾದ್ರೂ ಆಗ್ಬೋದು, ಯಾವ ಪಂಥಾನೂ ಇಲ್ಲದವರಾದ್ರೂ ಸರಿ, ಸಂಶಯವಾದಿಗಳಾದ್ರೂ ಸರಿ ಅಂತ. 19 ನೇ ಶತಮಾನದ ಮನುಷ್ಯ ಇಷ್ಟು ಧಾರಾಳವಾಗಿ ಬರೆದಿದ್ದು ನನಗೆ ಇವತ್ತಿಗೂ ಆಶ್ಚರ್ಯ. 1888 ರಲ್ಲಿ ಶುರುವಾಯ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಧಾರ್ಮಿಕ ಅನುಭವದ ಮೇಲೆ ಎಡಿನ್‌ಬರೋದಲ್ಲಿ ಮಾತಾಡಿದ್ದು 1901-02 ರಲ್ಲಿ, ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1985 ರಲ್ಲಿ ಗ್ಲಾಸ್ಗೋಗೆ ಬಂದಿದ್ರು, 1999 ರಲ್ಲಿ ಕೆನಡಾದ ತತ್ವಶಾಸ್ತ್ರಜ್ಞ ಚಾರ್ಲ್ಸ್ ಟೇಲರ್ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳೇ ಮುಂದೆ 2007 ರಲ್ಲಿ ಸೆಕ್ಯುಲರ್ ಯುಗದ ಬಗ್ಗೆ ಆ ದಪ್ಪ ಪುಸ್ತಕ ಆಗಿದ್ದು. ಸಾರ್ವಜನಿಕರಿಗೆ ಫ್ರೀ, ಈಚಿನವು ವಿಡಿಯೋನೂ ಸಿಗತ್ತೆ.

ಲಂಡನ್‌ನ ಕಾನ್ವೇ ಹಾಲ್ ಕಡೆನೂ ಒಂದು ಕಣ್ಣಿಟ್ಟಿರಿ, 1929 ರಲ್ಲಿ ತೆರೆದ ಕಟ್ಟಡ, ಧರ್ಮದ ಹೊರಗೆ ನಿಂತು ನೀತಿ ಬಗ್ಗೆ ಮಾತಾಡೋರ ಹಳೇ ಅಡ್ಡಾ.

ಪೇಪರ್ ಪ್ರೆಸೆಂಟ್ ಮಾಡ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡೋದು?

ಕಾಲ್ ಫಾರ್ ಪೇಪರ್ಸ್‌ನಿಂದ, ಅಂದ್ರೆ ಪೇಪರ್ ಕಳಿಸಿ ಅಂತ ಆಯೋಜಕರು ಹಾಕೋ ಪ್ರಕಟಣೆಯಿಂದ. ಕಾರ್ಯಕ್ರಮ "ಮುಂದೆ ಬರ್ತಿದೆ" ಅಂತ ನಿಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಪೇಪರ್ ಕಳಿಸೋ ಕಾಲ ಮುಗಿದಿರತ್ತೆ, ಇದೇ ಹೊಸಬರ ದೊಡ್ಡ ಪೆಟ್ಟು. ನವೆಂಬರ್‌ನ ಎ.ಎ.ಆರ್. ಗೆ ಪ್ರಪೋಸಲ್ ಕೊಡೋದು ಸಾಮಾನ್ಯವಾಗಿ ಮಾರ್ಚ್ ಆಸುಪಾಸಿಗೆ. ಬೇರೆ ಕಡೆನೂ ಆರರಿಂದ ಹತ್ತು ತಿಂಗಳು ಮುಂಚೆ. ಅದಕ್ಕೇ ಒಂದು ವರ್ಷ ಮುಂದೆ ನೋಡೋ ಅಭ್ಯಾಸ ಮಾಡ್ಕೊಳಿ, ಎಚ್-ನೆಟ್ (ವಿದ್ವಾಂಸರ ಆನ್‌ಲೈನ್ ನೆಟ್‌ವರ್ಕ್) ಪ್ರಕಟಣೆಗಳನ್ನ ತಿಂಗಳಿಗೊಂದ್ಸಲ ನೋಡಿದ್ರೂ ಸಾಕು.

ಕೇಳೋದು 250-300 ಪದದ ಅಬ್‌ಸ್ಟ್ರ್ಯಾಕ್ಟ್. ಅದರಲ್ಲಿ "ಧರ್ಮವು ಮಾನವನ ಬದುಕಿನ ಅವಿಭಾಜ್ಯ ಅಂಗ" ಅಂತ ಶುರು ಮಾಡಿದ್ರೆ ಓದೋರು ಅಲ್ಲೇ ಆಕಳಿಸ್ತಾರೆ. ಯಾವ ಊರು, ಯಾವ ಕಾಲ, ಯಾವ ದಾಖಲೆ ಅಥವಾ ಯಾರ ಜೊತೆ ಮಾತಾಡಿದೀರಿ, ಅದರಿಂದ ಏನ್ ಗೊತ್ತಾಯ್ತು, ಇಲ್ಲೀವರೆಗೆ ಹೇಳ್ತಿದ್ದಿದ್ದಕ್ಕೂ ಇದಕ್ಕೂ ಏನ್ ವ್ಯತ್ಯಾಸ, ಇಷ್ಟಿದ್ರೆ ಆಯ್ತು. ಮಾತಾಡೋಕೆ ಸಿಗೋದು 15-20 ನಿಮಿಷ. ಒಬ್ರೇ ಕಳಿಸೋದಕ್ಕಿಂತ ಮೂರು ನಾಲ್ಕು ಜನ ಸೇರಿ ಪೂರ್ತಿ ಪ್ಯಾನಲ್ ಆಗಿ ಕಳಿಸಿದ್ರೆ ಒಪ್ಕೊಳ್ಳೋ ಸಾಧ್ಯತೆ ಜಾಸ್ತಿ ಅಂತ ನನ್ನ ಅನಿಸಿಕೆ, ಆಯೋಜಕರಿಗೂ ಬೇರೆ ಬೇರೆ ತುಂಡು ಹೊಲಿಯೋ ಕೆಲಸ ತಪ್ಪತ್ತೆ.

ಯೂನಿವರ್ಸಿಟಿಯಲ್ಲಿ ಕೆಲಸ ಇಲ್ಲದವರು ಇಂಡಿಪೆಂಡೆಂಟ್ ಸ್ಕಾಲರ್ ಅಂತ ಹಾಕ್ಕೊಳಿ, ನಾಚಿಕೆ ಏನಿಲ್ಲ. ಸ್ಟೂಡೆಂಟ್‌ಗಳಿಗೂ ಕಡಿಮೆ ಆದಾಯದ ದೇಶದವರಿಗೂ ಫೀಸ್ ಕಮ್ಮಿ ಇರೋದುಂಟು, ಟ್ರಾವೆಲ್ ಗ್ರಾಂಟ್ ಇದ್ರೆ ಅದರ ಡೆಡ್‌ಲೈನ್ ಬೇರೆ ಇರತ್ತೆ ನೋಡ್ಕೊಳಿ. ಪೇಪರ್ ಒಪ್ಕೊಂಡ ದಿನಾನೇ ವೀಸಾಗೆ ಇನ್ವಿಟೇಶನ್ ಲೆಟರ್ ಕೇಳಿ, ಎರಡು ತಿಂಗಳು ಬಿಟ್ಟು ಕೇಳಿದ್ರೆ ಆಮೇಲೆ ಪರದಾಟ.

ಇಮೇಲ್‌ನಲ್ಲಿ ಒಂದು ಇಂಟರ್‌ನ್ಯಾಶನಲ್ ಕಾನ್ಫರೆನ್ಸ್‌ಗೆ ಆಹ್ವಾನ ಬಂದಿದೆ, ನಿಜಾನಾ?

ನೀವು ಕೇಳದೇ ಬಂದಿದೆ ಅಂದ್ರೆ ಅನುಮಾನ ಇಟ್ಕೊಳಿ. "ಧರ್ಮ, ತತ್ವಶಾಸ್ತ್ರ, ಮ್ಯಾನೇಜ್‌ಮೆಂಟ್ ಮತ್ತು ನರ್ಸಿಂಗ್" ಎಲ್ಲಾ ಒಂದೇ ಕಾನ್ಫರೆನ್ಸ್‌ನಲ್ಲಿ ಅಂದ್ರೆ ಬಿಟ್ಬಿಡಿ. ಅಬ್‌ಸ್ಟ್ರ್ಯಾಕ್ಟ್ ಕಳಿಸಿದ ಎರಡೇ ದಿನಕ್ಕೆ ಒಪ್ಕೊಂಡು ಫೀಸ್ ಕೇಳಿದ್ರೂ ಅಷ್ಟೇ. ಕಮಿಟಿಯಲ್ಲಿ ಹೆಸರಿರೋ ಒಬ್ಬ ಪ್ರೊಫೆಸರ್‌ಗೆ ನೇರವಾಗಿ ಬರೆದು ಕೇಳಿ, ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ ತಮ್ಮ ಹೆಸರು ಅಲ್ಲಿದೆ ಅಂತ.

ಇಂಥ ಕಾರ್ಯಕ್ರಮಗಳೇ ಧಾರ್ಮಿಕ ಹಬ್ಬದ ದಿನ ಬೀಳತ್ವಲ್ಲ, ಯಾಕೆ? ನಾವೇ ಆಯೋಜಿಸೋದಾದ್ರೆ ತಾರೀಖು ಹೇಗೆ ಇಡೋದು?

ಯಾವ ತಾರೀಖು ಇಟ್ರೂ ಯಾರಿಗೋ ಒಬ್ರಿಗೆ ಹಬ್ಬ, ಇದು ಮೊದಲು ಒಪ್ಕೊಳಿ. ಆದ್ರೂ ತಪ್ಪಿಸ್ಬೋದಾದ ದೊಡ್ಡವು ಕೆಲವಿವೆ, ಕಷ್ಟ ಏನಂದ್ರೆ ಅವು ಒಂದೇ ಕಡೆ ನಿಲ್ಲಲ್ಲ. ಇಸ್ಲಾಮಿಕ್ ಕ್ಯಾಲೆಂಡರ್‌ನ ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ, ಅದಕ್ಕೆ ರಂಜಾನ್ ಪ್ರತಿ ವರ್ಷ ಹೆಚ್ಚೂಕಮ್ಮಿ 11 ದಿನ ಹಿಂದಕ್ಕೆ ಸರಿಯತ್ತೆ, 2030 ರಲ್ಲಂತೂ ಜನವರಿ ಮೊದಲ ವಾರದಲ್ಲಿ ಒಂದ್ಸಲ, ಡಿಸೆಂಬರ್ ಕೊನೇ ವಾರದಲ್ಲಿ ಇನ್ನೊಂದ್ಸಲ ಶುರುವಾಗತ್ತೆ. ಯಹೂದಿ ಹಬ್ಬಗಳ ಸಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬರತ್ತೆ, ಕರೆಕ್ಟಾಗಿ ಯೂನಿವರ್ಸಿಟಿಗಳಲ್ಲಿ ಕಾರ್ಯಕ್ರಮ ಜಾಸ್ತಿ ಇರೋ ಟೈಮಲ್ಲಿ. ಈಸ್ಟರ್ ಮಾರ್ಚ್ 22 ರಿಂದ ಏಪ್ರಿಲ್ 25 ರೊಳಗೆ ಎಲ್ಲಾದ್ರೂ ಬೀಳ್ಬೋದು, ಆರ್ಥೊಡಾಕ್ಸ್‌ನವರ ಈಸ್ಟರ್ ಸಾಮಾನ್ಯವಾಗಿ ಬೇರೆ ದಿನ, 2025 ರಲ್ಲಿ ಎರಡೂ ಏಪ್ರಿಲ್ 20 ಕ್ಕೇ ಬಂತು. ದೀಪಾವಳಿ ಅಧಿಕಮಾಸದ ಲೆಕ್ಕದ ಮೇಲೆ ಅಕ್ಟೋಬರ್-ನವೆಂಬರ್ ಮಧ್ಯೆ ಓಡಾಡತ್ತೆ.

ದಿನದೊಳಗಿನ ಲೆಕ್ಕಾನೂ ಇದೆ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜ್ ಟೈಮಿಗೆ ಮುಖ್ಯ ಭಾಷಣ ಇಡ್ಬೇಡಿ. ಶುಕ್ರವಾರ ಸೂರ್ಯ ಮುಳುಗಿದ ಮೇಲಿಂದ ಶನಿವಾರ ಕತ್ತಲಾಗೋವರೆಗೆ ಯಹೂದಿಗಳ ವಿಶ್ರಾಂತಿ ದಿನ ಸಬ್ಬತ್, ಪಾಲಿಸೋರು ಮೈಕ್ ಮುಟ್ಟಲ್ಲ, ಬರೆಯಲ್ಲ, ಗಾಡಿ ಹತ್ತಲ್ಲ, ಅವರ ಪೇಪರ್ ಶನಿವಾರ ಹಾಕಿದ್ರೆ ಬರ್ಬೇಡಿ ಅಂದಂಗೇ. ರಂಜಾನ್‌ನಲ್ಲಿ ಇಡ್ಲೇಬೇಕಾದ್ರೆ ರಾತ್ರಿ ಊಟವನ್ನ ಇಫ್ತಾರ್ ಹೊತ್ತಿಗೆ ಹೊಂದಿಸಿ, ಖರ್ಚೇನೂ ಜಾಸ್ತಿ ಆಗಲ್ಲ. ಒಂದು ಸುಮ್ನಿರೋ ಕೋಣೆ ಬಿಟ್ಟಿಡಿ, ನಮಾಜ್ ಮಾಡೋರಿಗೂ ಆಯ್ತು, ಧ್ಯಾನಕ್ಕೂ ಆಯ್ತು, ಗಲಾಟೆ ಸಾಕಾದ ನಾಸ್ತಿಕರಿಗೂ ಆಯ್ತು. ಧರ್ಮದ ಬಗ್ಗೆ ಮೂರು ದಿನ ಚರ್ಚೆ ಮಾಡೋರು ಒಂದು ಕ್ಯಾಲೆಂಡರ್ ತೆಗೆದು ನೋಡಲ್ಲ ಅನ್ನೋದೇ ನನಗೆ ಅರ್ಥ ಆಗದೇ ಇರೋ ವಿಷಯ.

ಪೇಪರ್ ಗೀಪರ್ ಬೇಡ, ಸಾಂಸ್ಕೃತಿಕ ಕಾರ್ಯಕ್ರಮ ಹೇಳಿ.

ಸಂಗೀತ ಇಷ್ಟ ಇದ್ರೆ ಮೊರೊಕ್ಕೋದ ಫೆಜ್ ನಗರದಲ್ಲಿ 1994 ರಲ್ಲಿ ಶುರುವಾದ ವಿಶ್ವ ಪವಿತ್ರ ಸಂಗೀತ ಉತ್ಸವ. ಸೂಫಿ ಗಾಯಕರು, ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ತಂಡ, ಬೇರೆ ಬೇರೆ ದೇಶದ ಭಕ್ತಿ ಸಂಗೀತದವರು ಒಂದೇ ಊರಲ್ಲಿ. ಬರ್ಲಿನ್‌ನಲ್ಲಿ 2012 ರಿಂದ ಧರ್ಮಗಳ ದೀರ್ಘ ರಾತ್ರಿ ಅಂತ ಮಾಡ್ತಾರೆ, ಮಂದಿರ ಮಸೀದಿ ಚರ್ಚ್ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಎಲ್ಲಾ ಬಾಗಿಲು ತೆಗೆದಿಟ್ಟಿರ್ತಾರೆ, ನೀವು ಒಂದರಿಂದ ಒಂದಕ್ಕೆ ಹೋಗ್ತಾ ಇರ್ಬೋದು. ಜರ್ಮನಿಯಲ್ಲೇ ಅಕ್ಟೋಬರ್ 3 ಕ್ಕೆ ತೆರೆದ ಮಸೀದಿ ದಿನ, 1997 ರಿಂದ. ಯುರೋಪಿನ ಯಹೂದಿ ಸಂಸ್ಕೃತಿ ದಿನ ಸೆಪ್ಟೆಂಬರ್ ಮೊದಲ ಭಾನುವಾರದ ಸುತ್ತ.

ಆದ್ರೆ ಧರ್ಮ ಎಲ್ಲಿ ಮುಗಿದು ಸಂಸ್ಕೃತಿ ಎಲ್ಲಿ ಶುರುವಾಗತ್ತೆ ಅನ್ನೋ ಪ್ರಶ್ನೆ ಕಣ್ಣಾರೆ ನೋಡ್ಬೇಕಂದ್ರೆ ಒಬರಾಮರ್‌ಗೌ. ಜರ್ಮನಿಯ ಬವೇರಿಯಾದ ಒಂದು ಹಳ್ಳಿ, 1633 ರಲ್ಲಿ ಪ್ಲೇಗ್ ಬಂದಾಗ ನಮ್ಮನ್ನ ಉಳಿಸಿದ್ರೆ ಯೇಸುವಿನ ಕೊನೇ ದಿನಗಳ ನಾಟಕ ಆಡ್ತೀವಿ ಅಂತ ಊರವರು ಹರಕೆ ಹೊತ್ಕೊಂಡ್ರು, 1634 ರಿಂದ ಆಡ್ತಾನೇ ಇದಾರೆ, ಹೆಚ್ಚೂಕಮ್ಮಿ ಹತ್ತು ವರ್ಷಕ್ಕೊಂದ್ಸಲ. ಪ್ಲೇಗ್‌ನಿಂದ ಹುಟ್ಟಿದ ನಾಟಕ 2020 ರಲ್ಲಿ ಕೋವಿಡ್‌ನಿಂದ ನಿಂತು 2022 ಕ್ಕೆ ಹೋಯ್ತು. ಮುಂದಿಂದು 2030. ಪಾತ್ರ ಮಾಡ್ಬೇಕಂದ್ರೆ ಆ ಊರಲ್ಲೇ ಹುಟ್ಟಿರ್ಬೇಕು, ಇಲ್ಲಾ ಇಪ್ಪತ್ತು ವರ್ಷ ಅಲ್ಲಿ ಬಾಳಿರ್ಬೇಕು. ಮದುವೆ ಆದ ಹೆಂಗಸರಿಗೂ, 35 ದಾಟಿದವರಿಗೂ ಅವಕಾಶ ಸಿಕ್ಕಿದ್ದು 1990 ರಿಂದ, ಅದೂ ಕೋರ್ಟ್ ಮೆಟ್ಟಿಲು ಹತ್ತಿ. ಹಳೇ ಸ್ಕ್ರಿಪ್ಟ್‌ನಲ್ಲಿ ಯಹೂದಿಗಳನ್ನ ಖಳರ ಥರ ತೋರಿಸ್ತಿದ್ರು, 1934 ರಲ್ಲಿ 300 ನೇ ವರ್ಷದ ವಿಶೇಷ ಪ್ರದರ್ಶನಕ್ಕೆ ಹಿಟ್ಲರ್ ಬಂದು ನೋಡಿ ಮೆಚ್ಚಿದ ನಾಟಕ ಇದು. 1990 ರಿಂದ ನಿರ್ದೇಶಕರಾಗಿರೋ ಕ್ರಿಶ್ಚಿಯನ್ ಶ್ಟುಕ್ಲ್ ಯಹೂದಿ ಸಂಘಟನೆಗಳ ಜೊತೆ ಕೂತು ಮಾತು ಮಾತು ತಿದ್ದುತ್ತಾ ಬಂದ್ರು, 2022 ರಲ್ಲಿ ಜೂಡಾಸ್ (ಯೇಸುವನ್ನ ಹಿಡಿದುಕೊಟ್ಟ ಶಿಷ್ಯ) ಪಾತ್ರಧಾರಿಗಳಲ್ಲಿ ಒಬ್ಬ ಮುಸ್ಲಿಂ ಹುಡುಗ. ಐದು ಗಂಟೆ ನಾಟಕ, ಜರ್ಮನ್‌ನಲ್ಲಿ. ಹರಕೆನಾ, ಟೂರಿಸಮ್ಮಾ, ರಂಗಭೂಮಿನಾ ಅಂತ ಕೇಳಿದ್ರೆ ಊರವರೇ ಒಂದೇ ಉತ್ತರ ಕೊಡಲ್ಲ.

ಪ್ರಯಾಣದಲ್ಲಿ ಇದ್ದಾಗ ಮ್ಯೂಸಿಯಂಗಳನ್ನೂ ನೋಡಿ. ಗ್ಲಾಸ್ಗೋದ ಸೇಂಟ್ ಮಂಗೋ ಧಾರ್ಮಿಕ ಬದುಕು ಮತ್ತು ಕಲೆಯ ಮ್ಯೂಸಿಯಂ 1993 ರದ್ದು. ತೈವಾನ್‌ನಲ್ಲಿ ಒಬ್ಬ ಬೌದ್ಧ ಭಿಕ್ಖು ಕಟ್ಟಿದ ವಿಶ್ವ ಧರ್ಮಗಳ ಮ್ಯೂಸಿಯಂ 2001 ರಲ್ಲಿ ತೆರೀತು. ಸೇಂಟ್ ಪೀಟರ್ಸ್‌ಬರ್ಗ್‌ನ ಧರ್ಮ ಇತಿಹಾಸ ಮ್ಯೂಸಿಯಂ ಕಥೆ ಇನ್ನೂ ಚೆನ್ನಾಗಿದೆ, 1932 ರಲ್ಲಿ ಸೋವಿಯತ್ ಕಾಲದಲ್ಲಿ ಕಜಾನ್ ಕ್ಯಾಥೆಡ್ರಲ್ ಒಳಗೇ ತೆರೆದಿದ್ದು, ಸೋವಿಯತ್ ಹೋಯ್ತು, ಕ್ಯಾಥೆಡ್ರಲ್ ಮತ್ತೆ ಚರ್ಚ್ ಆಯ್ತು, ಮ್ಯೂಸಿಯಂ ಬೇರೆ ಕಟ್ಟಡಕ್ಕೆ ಹೋಯ್ತು.

ಎಲ್ಲಾ ಧರ್ಮದವರನ್ನ ಸೇರಿಸಿದ್ರೆ ಜಗಳ ಆಗಲ್ವಾ?

ಆಗತ್ತೆ, ಶುರುವಿಂದಾನೂ ಆಗಿದೆ. 1893 ರ ಸೆಪ್ಟೆಂಬರ್ 11 ರಿಂದ 27 ರವರೆಗೆ ಶಿಕಾಗೋದಲ್ಲಿ ಆದ ವಿಶ್ವಧರ್ಮ ಸಮ್ಮೇಳನ ಅಂದ್ರೆ ನಮಗೆಲ್ಲಾ ವಿವೇಕಾನಂದರು ನೆನಪಾಗ್ತಾರೆ, ಶ್ರೀಲಂಕಾದ ಬೌದ್ಧ ಅನಾಗಾರಿಕ ಧರ್ಮಪಾಲ, ಜೈನರ ಕಡೆಯಿಂದ ವೀರಚಂದ್ ಗಾಂಧಿನೂ ಅಲ್ಲಿದ್ರು. ನೆನಪಾಗದೇ ಇರೋದು ಬರಲ್ಲ ಅಂದವರು: ಕ್ಯಾಂಟರ್‌ಬರಿ ಆರ್ಚ್‌ಬಿಷಪ್ (ಇಂಗ್ಲೆಂಡ್ ಚರ್ಚಿನ ಹಿರಿಯ ಧರ್ಮಗುರು), ಬಂದ್ರೆ ಎಲ್ಲಾ ಧರ್ಮಾನೂ ಸಮ ಅಂತ ಒಪ್ಕೊಂಡಂಗೆ ಆಗತ್ತೆ ಅಂತ ಹೇಳಿ ದೂರ ಉಳಿದ್ರು. ಒಟೊಮನ್ ಸುಲ್ತಾನರೂ ಬೆಂಬಲ ಕೊಡ್ಲಿಲ್ಲ. ನೂರು ವರ್ಷ ಆದ್ಮೇಲೆ 1993 ರಲ್ಲಿ ಅದೇ ಶಿಕಾಗೋದಲ್ಲಿ ಮತ್ತೆ ಮಾಡಿದಾಗ ನಿಯೋ ಪೇಗನ್‌ಗಳನ್ನ (ಕ್ರೈಸ್ತ ಧರ್ಮಕ್ಕಿಂತ ಹಿಂದಿನ ದೇವತಾರಾಧನೆಯನ್ನ ಹೊಸದಾಗಿ ಪಾಲಿಸೋರು) ಕರೆದಿದ್ದಕ್ಕೆ ಆರ್ಥೊಡಾಕ್ಸ್ ಕ್ರೈಸ್ತರು ಹೊರನಡೆದ್ರು, ಯಹೂದಿ ವಿರೋಧಿ ಮಾತುಗಳಿಗೆ ಹೆಸರಾದ ಅಮೆರಿಕದ ನೇಷನ್ ಆಫ್ ಇಸ್ಲಾಂ ಮುಖ್ಯಸ್ಥ ಲೂಯಿಸ್ ಫರಾಖಾನ್ ಬಂದಿದ್ದಕ್ಕೆ ಕೆಲವು ಯಹೂದಿ ಸಂಘಟನೆಗಳು ಎದ್ದು ಹೋದ್ವು. ಆದ್ರೂ ನಿಲ್ಲಲಿಲ್ಲ, 1999 ಕೇಪ್ ಟೌನ್, 2004 ಬಾರ್ಸಿಲೋನಾ, 2009 ಮೆಲ್ಬರ್ನ್, 2015 ಸಾಲ್ಟ್ ಲೇಕ್ ಸಿಟಿ, 2018 ಟೊರಾಂಟೋ, 2021 ಆನ್‌ಲೈನ್, 2023 ಮತ್ತೆ ಶಿಕಾಗೋ ಅಂತ ನಡೀತಾನೇ ಇದೆ. ಅಂತರ ಒಂದೇ ಥರ ಇಲ್ಲ, ಆದ್ದರಿಂದ ಮುಂದಿಂದು ಲೆಕ್ಕ ಹಾಕ್ಬೇಡಿ, ಅವರು ಘೋಷಣೆ ಮಾಡಿದಾಗ ನೋಡಿ.

ಯಾರು ಬಂದಿಲ್ಲ ಅನ್ನೋ ಪಟ್ಟಿ ಯಾರು ಬಂದಿದಾರೆ ಅನ್ನೋದಕ್ಕಿಂತ ಜಾಸ್ತಿ ಹೇಳತ್ತೆ. ಎಲ್ಲಾ ನಗ್ತಾ ಕೂತಿರೋ ವೇದಿಕೆ ಅಂದ್ರೆ ಕಷ್ಟದ ಪ್ರಶ್ನೆ ಕೇಳೋರನ್ನ ಕರೆದೇ ಇಲ್ಲ ಅಂತಾನೂ ಇರ್ಬೋದು.

ಪ್ರಶ್ನೋತ್ತರದಲ್ಲಿ ಏನ್ ಕೇಳ್ಬೋದು, ಏನ್ ಕೇಳ್ಬಾರ್ದು?

ಒಂದೇ ವಾಕ್ಯದ ಪ್ರಶ್ನೆ ಕೇಳಿ. "ಇದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಎದ್ದು ನಿಂತೋರು ಐದು ನಿಮಿಷ ಕೂರಲ್ಲ, ಎಲ್ಲಾ ದೇಶದಲ್ಲೂ ಇದೇ ಕಥೆ. ಮಾತಾಡಿದವರನ್ನ ನೀವು ದೇವರನ್ನ ನಂಬ್ತೀರಾ ಅಂತ ಕೇಳ್ಬೇಡಿ. ಒಂದು ಧರ್ಮದ ವ್ಯಕ್ತಿನ ಆ ಧರ್ಮದವರು ಜಗತ್ತಲ್ಲಿ ಮಾಡಿದ್ದಕ್ಕೆಲ್ಲಾ ಉತ್ತರ ಕೊಡಿ ಅಂತ ನಿಲ್ಲಿಸ್ಬೇಡಿ. ನಿಮ್ಮ ಮೂಲ ಏನು, ಈ ಮಾತು ಯಾರು ಹೇಳಿದ್ದು, ಬೇರೆ ಗುಂಪಿನವರನ್ನ ಕೇಳಿದ್ರಾ, ಇಂಥ ಪ್ರಶ್ನೆಗೆ ಎಲ್ರೂ ಖುಷಿಯಾಗಿ ಉತ್ತರ ಕೊಡ್ತಾರೆ.

ಫೋಟೋ, ರೆಕಾರ್ಡಿಂಗ್ ಮಾಡ್ಬೋದಾ?

ಕೇಳದೇ ಬೇಡ. ಕೆಲವರು ತಮ್ಮ ಧರ್ಮ ಬಿಟ್ಟು ಬಂದಿರ್ತಾರೆ, ಮನೆಯವರಿಗೆ ಗೊತ್ತಿರಲ್ಲ. ಕೆಲವು ದೇಶಗಳಲ್ಲಿ ಧರ್ಮನಿಂದನೆ ಕಾನೂನಿದೆ, ಅಲ್ಲಿಂದ ಬಂದೋರ ಒಂದು ಫೋಟೋ ವಾಪಸ್ ಹೋದಾಗ ಪ್ರಾಣಕ್ಕೇ ಬರ್ಬೋದು. ಅದಕ್ಕೇ ಕೆಲವು ಕಡೆ ಫೋಟೋ ಬೇಡ ಅನ್ನೋರಿಗೆ ಬೇರೆ ಬಣ್ಣದ ಬ್ಯಾಡ್ಜ್ ದಾರ ಕೊಡ್ತಾರೆ. ಚಾಥಂ ಹೌಸ್ ರೂಲ್ ಅಂತ ಹೇಳಿದ್ರೆ ಅರ್ಥ, ಮಾತು ಹೊರಗೆ ಹೇಳ್ಬೋದು, ಯಾರು ಹೇಳಿದ್ದು ಅಂತ ಹೇಳೋ ಹಾಗಿಲ್ಲ. ಇದು 1927 ರಿಂದ ಇರೋ ನಿಯಮ, ಸಣ್ಣ ವರ್ಕ್‌ಶಾಪ್‌ಗಳಲ್ಲಿ ಈಗ ಸಾಮಾನ್ಯ.

ಆನ್‌ಲೈನ್‌ನಲ್ಲಿ ನೋಡಿದ್ರೆ ಸಾಲ್ದಾ?

ಭಾಷಣ ಕೇಳೋಕೆ ಧಾರಾಳ ಸಾಕು. ಕಾಫಿ ಬ್ರೇಕ್ ಮಾತ್ರ ಸಿಗಲ್ಲ, ಪೇಪರ್ ಮೇಲಿನ ನಿಜವಾದ ಟೀಕೆ ಬರೋದು ಅಲ್ಲೇ. ಎಡಿನ್‌ಬರೋ ಕಡೆಯ ಸಂಶೋಧಕರು 2012 ರಲ್ಲಿ ಶುರು ಮಾಡಿದ ರಿಲಿಜಿಯಸ್ ಸ್ಟಡೀಸ್ ಪ್ರಾಜೆಕ್ಟ್ ಅನ್ನೋ ಪಾಡ್‌ಕಾಸ್ಟ್ ಇದೆ, ಹೋಗೋಕಾಗದವರು ಅದರಿಂದ ಶುರು ಮಾಡಿ, ಯಾರ ಕೆಲಸ ನಿಮಗೆ ಹಿಡಿಸತ್ತೆ ಅಂತ ಗೊತ್ತಾದ್ಮೇಲೆ ಅವರು ಎಲ್ಲಿ ಮಾತಾಡ್ತಾರೆ ಅಂತ ಹುಡುಕೋದು ಸುಲಭ.

ಇಂಗ್ಲಿಷ್ ಅಷ್ಟಾಗಿ ಬರಲ್ಲ, ಕಷ್ಟ ಆಗತ್ತಾ?

ಸ್ವಲ್ಪ. ಆದ್ರೆ ಅಲ್ಲಿ ಬರೋ ಅರ್ಧಕ್ಕರ್ಧ ಜನಕ್ಕೆ ಇಂಗ್ಲಿಷ್ ಎರಡನೇ ಭಾಷೆನೋ ಮೂರನೇ ಭಾಷೆನೋ. ಬರೆದ್ಕೊಂಡು ಓದಿ, ನಿಧಾನವಾಗಿ ಓದಿ, ಹ್ಯಾಂಡೌಟ್ ಕೊಡಿ. ಐ.ಎಸ್.ಎಸ್.ಆರ್. ನಲ್ಲಿ ಫ್ರೆಂಚ್ ಕೂಡ ನಡೆಯತ್ತೆ, ಅಲ್ಲಿ ಫ್ರೆಂಚ್ ಪೇಪರ್ ಬಂದಾಗ ಇಂಗ್ಲಿಷ್‌ನವರು ಪೇಚಾಡೋದು ನೋಡಿದ್ರೆ ನಿಮಗೇ ಧೈರ್ಯ ಬರತ್ತೆ.

ಸರ್ಟಿಫಿಕೇಟ್ ಕೊಡ್ತಾರಾ?

ಪೇಪರ್ ಕೊಟ್ಟವರಿಗೆ, ರಿಜಿಸ್ಟರ್ ಮಾಡಿ ಬಂದವರಿಗೆ ಬಹಳ ಕಡೆ ಕೊಡ್ತಾರೆ, ಕೆಲವು ಕಡೆ ಕೇಳಿದ್ರೆ ಮಾತ್ರ. ಹೊರಡೋ ಮುಂಚೆ ರಿಜಿಸ್ಟ್ರೇಶನ್ ಡೆಸ್ಕ್‌ನಲ್ಲಿ ಕೇಳಿ ತಗೊಳಿ, ಹೆಸರಿನ ಸ್ಪೆಲಿಂಗ್ ಅಲ್ಲೇ ನೋಡ್ಕೊಳಿ. ಫ್ರೀ ಪಬ್ಲಿಕ್ ಲೆಕ್ಚರ್‌ಗಳಿಗೆ ಏನೂ ಕೊಡಲ್ಲ.